ಅಟ್ಟದ ಮೇಲಿನ ಟೈಪ್‌ರೈಟರುಗಳು

ಹರಪನಹಳ್ಳಿಯಿಂದ ಕೊಟ್ಟೂರಿನವರೆಗೂ ಆ ಟೈಪ್‌ರೈಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಬೈಕಿನ ಹಿಂದೆ ಕೂತಿದ್ದವನು ನಾನು. ಗುಂಡಿ ಬಂದಾಗಲೆಲ್ಲ ಅದರ ಅಂಚು ನನ್ನ ಹೊಟ್ಟೆಗೆ ತಿವಿಯುತ್ತಿತ್ತು. ಗಾಡಿ ಓಡಿಸುತ್ತಿದ್ದ ಭೀಮರಾಜ ಆಗಾಗ ಎಡಗೈಯನ್ನು ಹಿಂದಕ್ಕೆ ಚಾಚಿ ಯಂತ್ರವನ್ನು ಮುಟ್ಟಿ ನೋಡುತ್ತಿದ್ದ. ನನ್ನನ್ನಲ್ಲ, ಯಂತ್ರವನ್ನು.

"ಲೇ ಭೀಮ, ರಸ್ತಿ ನೋಡಲೇ. ಹಿಂದ ನಾನೂ ಅದೀನಿ."

"ನೀನು ಬಿದ್ರ ಎದ್ದು ಕುಂದರ್ತಿ, ಶ್ರೀನಾಥ. ಅದು ಬಿದ್ರ ರೋಲರ್ ಸೊಟ್ಟ ಆಗತೈತಿ" ಎಂದು ನಕ್ಕ. ಅದಾದ ಮೇಲೆ ಬಹಳ ದಿನ ಅವನು ನಕ್ಕದ್ದನ್ನು ನಾನು ನೋಡಲಿಲ್ಲ.

ನಾವಿಬ್ಬರೂ ಕೂಡ್ಲಿಗಿಯ ಕೋರ್ಟಿನಲ್ಲಿ ಬೆರಳಚ್ಚುಗಾರರು. ಅದಕ್ಕೂ ಮೊದಲು ಕೊಟ್ಟೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಅಕ್ಕಪಕ್ಕ ಕೂತು ಕಲಿತವರು. ಭೀಮರಾಜನ ಅಪ್ಪ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಶೇಂಗಾ ಚೀಲ ಹೊರುತ್ತಿದ್ದ ಹಮಾಲ. ಅವ್ವ ಪಕ್ಕೀರಮ್ಮ ಅಲ್ಲೇ ಕಾಳು ಹಸನು ಮಾಡುವ ಕೂಲಿಗೆ ಹೋಗುತ್ತಿದ್ದಳು. ಆ ಮನೆತನದಲ್ಲಿ ತಿಂಗಳ ಸಂಬಳ ಕಂಡವರಲ್ಲಿ ಇವನೇ ಮೊದಲಿಗ. ಇನ್‌ಸ್ಟಿಟ್ಯೂಟಿನಲ್ಲಿ ನಾವೆಲ್ಲ ಒಂದು ತಾಸು ಹೊಡೆದು ಎದ್ದು ಹೋದರೆ, ಇವನು ಯಾವುದಾದರೂ ಯಂತ್ರ ಖಾಲಿ ಇರುವಷ್ಟು ಹೊತ್ತೂ ಕೂತಿರುತ್ತಿದ್ದ. ಅದಕ್ಕೆ ಬದಲಾಗಿ ಸಂಜೆ ಎಲ್ಲ ಯಂತ್ರಗಳ ದೂಳು ತೆಗೆದು, ಎಣ್ಣೆ ಬಿಟ್ಟು, ಮುಸುಕು ಹೊದಿಸಿ ಬಾಗಿಲು ಹಾಕಿಕೊಂಡು ಹೋಗಬೇಕು. ಹಾಗೆ ಮಾಡುತ್ತಾ ಮಾಡುತ್ತಾ ಅವುಗಳ ಹೊಟ್ಟೆಯೊಳಗಿನ ಸ್ಪ್ರಿಂಗು, ಸರಳು, ಹಲ್ಲಿನ ಚಕ್ರಗಳೆಲ್ಲ ಅವನಿಗೆ ಪರಿಚಯವಾದವು.

ಕೋರ್ಟಿಗೆ ಕಂಪ್ಯೂಟರು ಬಂದು ಕೆಲವು ವರ್ಷಗಳಾದ ಮೇಲೆ ಹಳೆಯ ಯಂತ್ರಗಳನ್ನು ಹರಾಜು ಹಾಕಿದರು. ಗುಜರಿಯವರು ಅವನ್ನು ಎತ್ತೆತ್ತಿ ಗಾಡಿಗೆ ಎಸೆಯುತ್ತಿದ್ದರು. ಒಂದೊಂದು ಬಿದ್ದಾಗಲೂ ಅದರ ಗಂಟೆ ಟಿಣ್ ಅನ್ನುತ್ತಿತ್ತು. ನಾವು ಊಟಕ್ಕೆ ಕೂತಿದ್ದೆವು. ಭೀಮರಾಜ ಕೈ ತೊಳೆಯದೆ ಎದ್ದು ಹೋದ. ತಾನು ಅಷ್ಟು ವರ್ಷ ಹೊಡೆದ ರೆಮಿಂಗ್ಟನ್ ಯಂತ್ರವನ್ನು ಗಾಡಿಯಿಂದ ತಬ್ಬಿಕೊಂಡು ಇಳಿಸಿದ. ಗುಜರಿಯವನು ಕೇಳಿದ್ದನ್ನು ಕೊಟ್ಟು ಮನೆಗೆ ಒಯ್ದ. ಹಾಗೆ ಶುರುವಾಯಿತು ಅವನ ಹುಚ್ಚು.

ಆಮೇಲೆ ಭಾನುವಾರ ಬಂತೆಂದರೆ ಅವನು ಮನೆಯಲ್ಲಿ ಸಿಗುತ್ತಿರಲಿಲ್ಲ. ಹಡಗಲಿಯ ಒಬ್ಬ ಹೆಣ್ಣುಮಗಳ ಮನೆಯಲ್ಲಿ ಗಂಡನ ಕಾಲದ ಗೋದ್ರೆಜ್ ಟೈಪ್‌ರೈಟರ್ ಇದೆಯಂತೆ. ಹೊಳಲಿನ ಒಬ್ಬ ನಿವೃತ್ತ ಮೇಷ್ಟ್ರು ದನದ ಕೊಟ್ಟಿಗೆಯಲ್ಲಿ ಒಂದು ಹಾಲ್ಡಾ ಯಂತ್ರ ಇಟ್ಟಿದ್ದಾರಂತೆ. ಹಗರಿಬೊಮ್ಮನಹಳ್ಳಿಯ ಯಾವುದೋ ಸಂಘದ ಕೋಣೆಯಲ್ಲಿ ಬಾಗಿಲು ಬೀಳದಂತೆ ಅಡ್ಡ ಇಟ್ಟಿರುವುದು ಟೈಪ್‌ರೈಟರೇ ಅಂತೆ. ಎಲ್ಲಿಂದ ಸುದ್ದಿ ಬಂದರೂ ಹೊರಟ. ತಂದವುಗಳಲ್ಲಿ ಇಲಿ ಗೂಡು ಕಟ್ಟಿರುತ್ತಿತ್ತು, ಅಕ್ಷರಗಳಿಗೆ ತುಕ್ಕು ಹಿಡಿದಿರುತ್ತಿತ್ತು, ರೋಲರಿನ ರಬ್ಬರು ಕಲ್ಲಾಗಿರುತ್ತಿತ್ತು. ಅವನು ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಅಕ್ಷರ ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ರೋಲರನ್ನು ಪಾಲೀಷ್ ಪೇಪರಿನಿಂದ ತಿಕ್ಕಿ ಮತ್ತೆ ಜೋಡಿಸುತ್ತಿದ್ದ.

ಯಂತ್ರ ರಿಪೇರಿಯಾದ ಮೇಲೆ ಮೊದಲು ಹೊಡೆಯುವವಳು ಪಕ್ಕೀರಮ್ಮ. ಅಪ್ಪನ ಕಾಲದಲ್ಲೇ ಅವರು ಬೌದ್ಧರಾದವರು. "ನಮ್ಮ ಮನ್ಯಾಗ ಪೂಜಿ ಗೀಜಿ ಇಲ್ಲ. ಅದಕ್ಕ ಅವ್ವನ ಕೈಲಿ ಹೊಡಸ್ತೀನಿ" ಎನ್ನುತ್ತಿದ್ದ. ಓದು ಬರಹ ತಿಳಿಯದ ಆ ಮುದುಕಿ ಸ್ಪೇಸ್ ಬಾರಿನ ಮೇಲೆ ರೊಟ್ಟಿ ತಟ್ಟಿದಂತೆ ತಟ್ಟುತ್ತಿದ್ದಳು. ತಟ್ಟುತ್ತಾ ತಟ್ಟುತ್ತಾ ಸಾಲು ಮುಗಿಯಲು ಬಂದು ಗಂಟೆ ಬಾರಿಸಿದರೆ, "ಬಂತು ನೋಡಪಾ ನಿನ್ನ ಬಸ್ಸು" ಎಂದು ಎದ್ದು ಹೋಗುತ್ತಿದ್ದಳು.

ಇಷ್ಟಾದ ಮೇಲೆ ಜಾಗದ ಮಾತು. ಅವರದು ಕೊಟ್ಟೂರಿನಲ್ಲೇ ಸಂಬಳದ ದುಡ್ಡಿನಿಂದ ಕೊಂಡ ಹಳೆಯ ಮಾಳಿಗೆ ಮನೆ. ತೊಲೆ, ಜಂತಿ, ಅದರ ಮೇಲೆ ಮಣ್ಣು. ನಡುಮನೆಯಲ್ಲಿ ಜಂತಿಗಳಿಗೇ ಕಟ್ಟಿದ ಒಂದು ಮರದ ಅಟ್ಟವಿತ್ತು. ಕೆಳಗೆ ಇಟ್ಟರೆ ಓಡಾಡಲು ಜಾಗವಿಲ್ಲ ಎಂದು ಅವನು ಯಂತ್ರಗಳನ್ನೆಲ್ಲ ಅಟ್ಟಕ್ಕೆ ಏರಿಸಿದ್ದ. ಮೂವತ್ತರ ಮೇಲಿದ್ದವು. ಒಂದೊಂದೂ ಖಾಲಿ ಗ್ಯಾಸ್ ಸಿಲಿಂಡರಿನಷ್ಟು ಭಾರ. ಮೇಲೆ ಇಡುವಾಗ ಪ್ರತಿಯೊಂದರ ಕ್ಯಾರೇಜನ್ನೂ, ಅಂದರೆ ಕಾಗದ ಹೊತ್ತು ಸರಿಯುವ ಮೇಲಿನ ಭಾಗವನ್ನು, ಅಲ್ಲಾಡದಂತೆ ಸುತಳಿಯಿಂದ ಬಿಗಿದು ಕಟ್ಟುತ್ತಿದ್ದ. ಅಟ್ಟದ ನೇರ ಕೆಳಗೆ ಪಕ್ಕೀರಮ್ಮನ ಮಂಚ. ಮೂಲೆಯಲ್ಲಿ, ಮುಚ್ಚಿಹೋದ ಇನ್‌ಸ್ಟಿಟ್ಯೂಟಿನಿಂದ ತಂದ ಒಂದು ದಪ್ಪ ಮರದ ಮೇಜು.

ಅವನ ಹೆಂಡತಿ ಸುಮಂಗಲಾ ಆ ಮಳೆಗಾಲದಲ್ಲಿ ಎರಡು ಮೂರು ಸಲ ಹೇಳಿದ್ದಳು. "ರೀ, ಜಂತಿಯಿಂದ ಹಿಟ್ಟು ಉದುರಕ ಹತ್ತೈತಿ. ಗೆದ್ದಲು ಹಿಡದೈತಿ ಅನಸ್ತೈತಿ."

"ಮಳಿ ನಿಲ್ಲಲಿ. ಎಲ್ಲಾ ಬಿಚ್ಚಿಸಿ ಆರ್‌ಸಿಸಿ ಹಾಕಿಸಿಬಿಡೋಣು" ಎಂದಿದ್ದ ಭೀಮರಾಜ. ಹಾಕಿಸುವ ಮನಸ್ಸು ಅವನಿಗೆ ನಿಜವಾಗಿ ಇತ್ತು. ಮೇಸ್ತ್ರಿಯನ್ನೂ ಕೇಳಿ ಬಂದಿದ್ದ.

ಆ ವಾರ ಬಿಡದೆ ಮಳೆ ಹೊಡೆದು ಶನಿವಾರ ಬಿಸಿಲು ಬಿದ್ದಿತ್ತು. ಭಾನುವಾರ ನಾವು ಹರಪನಹಳ್ಳಿಗೆ ಹೋದೆವು. ಅಲ್ಲಿನ ಒಬ್ಬ ವಕೀಲರ ಮನೆಯವರು ಕನ್ನಡ ಟೈಪ್‌ರೈಟರ್ ಕೊಡುತ್ತೇವೆ ಎಂದಿದ್ದರು. ಒತ್ತಕ್ಷರ ಹೊಡೆದರೆ ಕ್ಯಾರೇಜ್ ಮುಂದೆ ಸರಿಯದೆ ನಿಲ್ಲುವ ಹಳೆಯ ಕನ್ನಡ ಯಂತ್ರ. ಭೀಮರಾಜ ಅಂಥದ್ದಕ್ಕೆ ವರ್ಷಗಳಿಂದ ಹುಡುಕುತ್ತಿದ್ದ. ಅದನ್ನೇ ತೊಡೆಯ ಮೇಲೆ ಇಟ್ಟುಕೊಂಡು ನಾನು ಕೊಟ್ಟೂರಿನ ಕಡೆ ಬರುತ್ತಿದ್ದದ್ದು.

ಊರು ಇನ್ನೇನು ಬಂತು ಎನ್ನುವಾಗ ಅವನ ಫೋನು ಹೊಡೆದುಕೊಂಡಿತು. ಗಾಡಿ ನಿಲ್ಲಿಸಿ ಎತ್ತಿದ. ಆ ಕಡೆಯಿಂದ ಪಕ್ಕದ ಮನೆಯ ಜಂಬುನಾಥನ ಧ್ವನಿ ನನಗೂ ಕೇಳಿಸಿತು.

"ಭೀಮಣ್ಣ, ಎಲ್ಲದೀರಿ? ಲಗೂನ ಬರ್ರಿ. ನಿಮ್ಮ ಮಾಳಗಿ ಕುಂತುಬಿಟ್ಟೈತಿ."

ಭೀಮರಾಜ ಅರ್ಥವಾಗದವನಂತೆ, "ಏನು ಕುಂತೈತಿ?" ಅಂದ.

"ಮಾಳಗಿ, ಅಣ್ಣ. ನಡುಮನಿ ಪೂರಾ ಬಿದ್ದೈತಿ. ಅಮ್ಮ ಒಳಗ ಅದಾಳ."

ಅವನು ಫೋನನ್ನು ಕಿಸೆಗೆ ಹಾಕಿಕೊಳ್ಳಲಿಲ್ಲ. ಅದು ಕೈಯಿಂದ ಜಾರಿ ರಸ್ತೆಗೆ ಬಿತ್ತು. ನಾನು ಯಂತ್ರವನ್ನು ಅವುಚಿಕೊಂಡೇ ಇಳಿದು ಅದನ್ನು ಹೆಕ್ಕಿಕೊಳ್ಳುವಷ್ಟರಲ್ಲಿ ಗಾಡಿ ಹೊರಡುತ್ತಿತ್ತು. ಹಾರಿ ಕೂತೆ. ಮನೆಯವರೆಗೂ ಅವನ ಬೆನ್ನು ಕಟ್ಟಿಗೆಯಂತೆ ಸೆಟೆದುಕೊಂಡಿತ್ತು. ಓಣಿಯ ತಿರುವಿನಲ್ಲಿ ಜನ ತುಂಬಿದ್ದರು. ಅವನು ಗಾಡಿಯನ್ನು ಹಾಗೇ ಬಿಟ್ಟು ಓಡಿದ. ಗಾಡಿ ಬಿತ್ತು, ನಾನು ಬಿದ್ದೆ, ಕನ್ನಡದ ಆ ಯಂತ್ರ ಚರಂಡಿಯ ಕಲ್ಲಿಗೆ ಬಡಿದು ಎರಡು ತುಂಡಾಯಿತು. ಯಾರೂ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ.

ಮುಂದಿನ ಗೋಡೆ, ಬಾಗಿಲು ಎಲ್ಲ ನೆಟ್ಟಗಿದ್ದವು. ಬಾಗಿಲ ಪಕ್ಕದ ಬುದ್ಧನ ಫೋಟೋ ಸಹ ಅಲ್ಲಾಡಿರಲಿಲ್ಲ. ಒಳಗೆ ಕಾಲಿಟ್ಟರೆ ಮೇಲೆ ಆಕಾಶ. ಎದೆಮಟ್ಟ ಹಸಿಮಣ್ಣು, ಅದರಿಂದ ಹೊರಚಾಚಿದ ಮುರಿದ ಜಂತಿಗಳು, ನಡುನಡುವೆ ಟೈಪ್‌ರೈಟರುಗಳು. ಕೆಲವು ತಲೆಕೆಳಗಾಗಿ ಬಿದ್ದಿದ್ದವು. ಕೆಲವುಗಳ ಕೀಲಿಗಳಷ್ಟೇ ಮಣ್ಣಿನಿಂದ ಹಲ್ಲು ಕಿರಿದಂತೆ ಕಾಣುತ್ತಿದ್ದವು. ದೂಳು ಇನ್ನೂ ಇಳಿದಿರಲಿಲ್ಲ.

ಸುಮಂಗಲಾ ಹಿಟ್ಟಿನ ಗಿರಣಿಗೆ ಹೋದವಳು ಅದೇ ಆಗ ಬಂದಿದ್ದಳು. ಜೋಳದ ಹಿಟ್ಟಿನ ಡಬ್ಬಿ ಇನ್ನೂ ಅವಳ ಸೊಂಟದಲ್ಲೇ ಇತ್ತು. ಅದನ್ನು ಇಳಿಸಬೇಕೆಂದು ಅವಳಿಗೂ ತೋಚಿರಲಿಲ್ಲ, ಯಾರೂ ತೆಗೆದುಕೊಂಡಿರಲಿಲ್ಲ.

"ನಾ ಹೋಗೂವಾಗ ಮಂಚದ ಮ್ಯಾಲೆ ಮಲಗಿದ್ರು" ಎಂದಳು.

ಭೀಮರಾಜ ಮಣ್ಣಿನ ಮೇಲೆ ಹತ್ತಿ, ಮಂಚ ಇರಬೇಕಾದ ಜಾಗದಲ್ಲಿ ಎರಡೂ ಕೈಯಿಂದ ಬಗೆಯತೊಡಗಿದ. "ಅವ್ವಾ" ಎಂದು ಕೂಗುತ್ತಿದ್ದ. ನಾವು ನಾಲ್ಕೈದು ಜನ ಸೇರಿದೆವು. ಬಗೆದಷ್ಟೂ ಯಂತ್ರ, ಯಂತ್ರದ ಕೆಳಗೆ ಜಂತಿ, ಜಂತಿಯ ಕೆಳಗೆ ಮತ್ತೆ ಯಂತ್ರ. ಅವನ ಬೆರಳ ತುದಿಗಳು ಒಡೆದು ರಕ್ತ ಬಂತು. ಅವನಿಗೆ ಅದರ ಅರಿವೇ ಇರಲಿಲ್ಲ.

ಅಷ್ಟರಲ್ಲಿ ಯಾರೋ ಹೇಳಿಕಳಿಸಿದ್ದ ಜೆಸಿಬಿ ಓಣಿಗೆ ಬಂತು. ಅದನ್ನು ಓಡಿಸುವ ಎರ್ರೆಪ್ಪ ಮಣ್ಣನ್ನು ನೋಡಿ, "ಕೈಲಿ ಆಗೂ ಕೆಲಸ ಅಲ್ಲರಿ ಇದು. ಮಂಚದ ಮ್ಯಾಲಿನ ಮಣ್ಣನ್ನ ಆ ಮೂಲಿಗೆ ದಬ್ಬತೀನಿ, ಎಲ್ಲಾರೂ ಹಿಂದ ಸರೀರಿ" ಎಂದ. ಅದೇ ಸರಿ ಅಂತ ಎಲ್ಲರಿಗೂ ಅನ್ನಿಸಿತು. ನನಗೂ. ಸುಮಂಗಲಾ ಭೀಮರಾಜನ ರಟ್ಟೆ ಹಿಡಿದು ಕೆಳಗೆ ಇಳಿಸಿದಳು. ಗೋಡೆ ಒಡೆದು ದಾರಿ ಮಾಡಿಕೊಂಡು ಜೆಸಿಬಿಯ ಕೈ ಒಳಗೆ ಬಂತು.

ಆಗ ಟಿಣ್ ಅಂತ ಒಂದು ಸದ್ದು.

ಇಂಜಿನ್ನಿನ ಗದ್ದಲದಲ್ಲಿ ಅದು ಎಷ್ಟು ಸಣ್ಣದಿತ್ತೆಂದರೆ ನನಗೆ ಕೇಳಿಸಿತೋ ಇಲ್ಲವೋ ಎಂಬುದು ಈಗಲೂ ಸಂಶಯ. ಭೀಮರಾಜ ಮಾತ್ರ ಸುಮಂಗಲಾಳ ಕೈ ಕೊಸರಿಕೊಂಡು ಹೋಗಿ ಜೆಸಿಬಿಯ ಮುಂದೆ ನಿಂತ.

"ಬಂದ್ ಮಾಡೋ! ಬಂದ್ ಮಾಡು!"

ಇಷ್ಟು ವರ್ಷಗಳಲ್ಲಿ ಅವನು ಹಾಗೆ ಕಿರುಚಿದ್ದನ್ನು ನಾನು ಕೇಳಿರಲಿಲ್ಲ. ಎರ್ರೆಪ್ಪ ಗಾಬರಿಯಾಗಿ ಇಂಜಿನ್ ನಿಲ್ಲಿಸಿದ. ಓಣಿಯೆಲ್ಲ ಗಪ್ಪಾಯಿತು. ಎಲ್ಲರೂ ಕಿವಿಕೊಟ್ಟೆವು. ಏನೂ ಇಲ್ಲ.

"ಯಾರದೋ ಸೈಕಲ್ ಬೆಲ್ ಇರಬೇಕು, ಅಣ್ಣ" ಎಂದ ಜಂಬುನಾಥ, ಮೆತ್ತಗೆ. ಇವನಿಗೆ ತಲೆ ಕೆಟ್ಟಿತೆಂದೇ ಎಲ್ಲರೂ ಅಂದುಕೊಂಡಿದ್ದರು. ಯಾರೋ ಒಬ್ಬರು ಎರ್ರೆಪ್ಪನಿಗೆ ಶುರು ಮಾಡು ಅಂತ ಕಣ್ಸನ್ನೆ ಮಾಡಿದ್ದನ್ನೂ ನೋಡಿದೆ.

"ಸೈಕಲ್ ಅಲ್ಲ. ಹಾಲ್ಡಾ ಅದು" ಎಂದ ಭೀಮರಾಜ. ಮಾತು ಸ್ಪಷ್ಟವಿತ್ತು. "ಶ್ರೀನಾಥ, ಮ್ಯಾಲಿನವು ಎಲ್ಲಾ ಸುತಳಿ ಕಟ್ಟಿದವು. ಅವು ಬಾರಸಂಗಿಲ್ಲ. ರಿಪೇರಿಗೆ ಅಂತ ಒಂದ ಹಾಲ್ಡಾ ಇಳಿಸಿ, ಸುತಳಿ ಬಿಚ್ಚಿ ಟೇಬಲ್ ಕೆಳಗ ಇಟ್ಟಿದ್ದೆ. ಅದೊಂದಕ್ಕ ಸುತಳಿ ಇಲ್ಲ. ಯಾರರ ಹೊಡದ್ರ ಅಷ್ಟ ಅದು ಬಾರಸತೈತಿ. ಅವ್ವ ಮಂಚದಾಗ ಇಲ್ಲ. ಮೂಲ್ಯಾಗ ಅದಾಳ, ಟೇಬಲ್ ಕೆಳಗ."

ಎರ್ರೆಪ್ಪ ಮಣ್ಣು ದಬ್ಬುತ್ತೇನೆಂದು ತೋರಿಸಿದ್ದು ಅದೇ ಮೂಲೆಯನ್ನು. ಅದು ತಿಳಿದ ಕೂಡಲೇ ಅವನು ಜೆಸಿಬಿಯಿಂದ ಇಳಿದು ಬಂದ. "ಒಂದ ಕೈ ಹಾಕಿದ್ರ ಮುಗೀತಿತ್ತಲ್ಲೋ" ಎಂದು ತನಗೆ ತಾನೇ ಅಂದುಕೊಂಡ.

ಆ ಮೂಲೆಯ ಗೋಡೆಯ ಆಚೆ ನಾಗಲಿಂಗಮ್ಮ ಎಂಬಾಕೆಯ ಅಡುಗೆಮನೆ. ಮೇಲಿನಿಂದ ಬಗೆದರೆ ಮಣ್ಣು ಮತ್ತೆ ಕುಸಿಯುತ್ತದೆ, ಆ ಕಡೆಯಿಂದ ಗೋಡೆ ತೂತು ಮಾಡುವುದೇ ದಾರಿ ಎಂದು ಎರ್ರೆಪ್ಪನೇ ಹೇಳಿದ. ನಾಗಲಿಂಗಮ್ಮನನ್ನು ಕೇಳಲು ಹೋದರೆ ಅವಳು ಆಗಲೇ ಆ ಗೋಡೆಯ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಎಸೆಯುತ್ತಿದ್ದಳು.

"ಕೇಳೂದೇನೈತಿ? ಒಡೀರಿ. ಗ್ವಾಡಿ ನಾಳಿ ಕಟ್ಟಿಕೆಂತೀನಿ."

ಹಾರೆಯಿಂದ ಒಂದೊಂದೇ ಕಲ್ಲು ಸಡಿಲಿಸಿ ತೆಗೆದೆವು. ಕೈ ಹೋಗುವಷ್ಟು ತೂತಾದಾಗ ಭೀಮರಾಜ ತೋಳನ್ನು ಒಳಗೆ ಹಾಕಿದ. ಹಾಗೇ ನಿಂತ.

"ಬೆಚ್ಚಗೈತಿ" ಎಂದ. "ಕೈ ಬೆಚ್ಚಗೈತಿ, ಶ್ರೀನಾಥ."

ತೂತನ್ನು ದೊಡ್ಡದು ಮಾಡಿದಾಗ ಕಂಡದ್ದನ್ನು ನಾನು ಮರೆಯಲಾರೆ. ಮೇಜು ಒಂದು ಕಾಲು ಮುರಿದು ವಾಲಿದ್ದರೂ ಮೇಲಿನ ಮಣ್ಣನ್ನೆಲ್ಲ ಹೊತ್ತು ನಿಂತಿತ್ತು. ಅದರ ಕೆಳಗೆ ಪಕ್ಕೀರಮ್ಮ ಮುದುಡಿ ಬಿದ್ದಿದ್ದಳು. ಮುಖ, ಕೂದಲು ಎಲ್ಲ ಮಣ್ಣು. ಮೇಜಿನ ಹೊರಗೆ ಉಳಿದ ಸೊಂಟದ ಮೇಲೆ ಒಂದು ಜಂತಿ. ಬಲಗೈ ಮಾತ್ರ ಹಾಲ್ಡಾದ ಕೀಲಿಗಳ ಮೇಲೆ ಇತ್ತು, ಬೆರಳುಗಳು ಇನ್ನೂ ಒತ್ತುತ್ತಿದ್ದವು. ಜಂತಿ ಸರಿಸಿ ಹೊರಗೆ ತೆಗೆದು ಬಾಯಿಯ ಮಣ್ಣು ಒರೆಸಿ ನೀರು ಹಾಕಿದ ಮೇಲೆ ಅವಳು ಆಡಿದ ಮೊದಲ ಮಾತು ಮಗನಿಗೆ ಬೈಗುಳ.

"ಎಷ್ಟ್ ಹೊಡದೆ! ಒಂದ ಸಲ ಗಂಟಿ ಬಾರಿಸಿ ನಿಂತ್‌ಬಿಡ್ತಲ್ಲೋ ಮುಂಡೇದು. ಬಾಯಾಗ ಮಣ್ಣು, ಕೂಗಾಕ ಬರವಲ್ದು."

ಸಾಲು ಮುಗಿದ ಮೇಲೆ ಕ್ಯಾರೇಜನ್ನು ಹಿಂದಕ್ಕೆ ಎಳೆಯದಿದ್ದರೆ ಯಂತ್ರ ಮುಂದೆ ಹೊಡೆಯುವುದಿಲ್ಲ. ಅವಳು ಯಾವಾಗಲೂ ಗಂಟೆ ಬಾರಿಸಿ ಎದ್ದು ಹೋಗುತ್ತಿದ್ದವಳು. ಹಿಂದಕ್ಕೆ ಎಳೆಯುವುದು ಮಗನ ಕೆಲಸವಾಗಿತ್ತು.

ಸೊಂಟದ ಎಲುಬು ಮುರಿದಿತ್ತು. ಹೊಸಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮಂಚದಿಂದ ಹೇಗೆ ಪಾರಾದಳೆಂದು ಅಲ್ಲಿ ಅವಳೇ ಹೇಳಿದಳು. ಎಲೆ ಅಡಿಕೆಯ ಚೀಲ ಕೆಳಗೆ ಬಿದ್ದು ಮೇಜಿನ ಹತ್ತಿರ ಜಾರಿತ್ತಂತೆ. ಹೆಕ್ಕಿಕೊಳ್ಳಲು ಬಗ್ಗಿದ್ದಾಗ ಮೇಲೆ ಲಟಲಟ ಅಂದಿತಂತೆ. ದಿಕ್ಕು ತೋಚದೆ ಮೇಜಿನ ಕೆಳಗೆ ಹೊಕ್ಕಳಂತೆ. ಅಷ್ಟೇ.

ಆಪರೇಷನ್ ಆದ ಮಾರನೆಯ ದಿನ ಭೀಮರಾಜ ಮತ್ತು ನಾನು ಬಟ್ಟೆಬರೆ ತರಲು ಕೊಟ್ಟೂರಿಗೆ ಬಂದೆವು. ಓಣಿಯವರು ಮಣ್ಣನ್ನು ಬಹುಪಾಲು ತೆಗೆದಿದ್ದರು. ಮಂಚ ಕಾಣುತ್ತಿತ್ತು. ಅದರ ಕಬ್ಬಿಣದ ಚೌಕಟ್ಟು ನಡುವೆ ಬಗ್ಗಿ ನೆಲಕ್ಕೆ ತಾಗಿತ್ತು. ತಲೆದಿಂಬು ಇರುವ ಕಡೆ ಹೆಣೆದ ನವಾರು ಪಟ್ಟಿಗಳನ್ನು ಹರಿದುಕೊಂಡು ಒಂದು ಟೈಪ್‌ರೈಟರ್ ಕೂತಿತ್ತು. ಕೋರ್ಟಿನಿಂದ ಅವನು ತಬ್ಬಿಕೊಂಡು ಇಳಿಸಿದ್ದ ಅದೇ ರೆಮಿಂಗ್ಟನ್.

ಅವನು ಅದನ್ನು ನೋಡಿದ. ಕೂತುಬಿಟ್ಟ. ನಾನು ಎಬ್ಬಿಸಲು ಹೋದರೆ ಏಳಲಿಲ್ಲ. ಕಣ್ಣು ಆ ದಿಂಬಿನ ಮೇಲೆಯೇ ಇತ್ತು. "ನಾನ ಇಟ್ಟಿದ್ದು" ಎಂದ. "ನಾನ ಕೈಯಾರೆ ಎತ್ತಿ ಅಲ್ಲಿ ಇಟ್ಟಿದ್ದು."

"ಗೆದ್ದಲು ತಿಂದಿತ್ತಲೇ. ಮಳಿ ಬೇರೆ" ಎಂದೆ.

"ಗೆದ್ದಲು ತಿಂದ ಜಂತಿಗೆ ಕಬ್ಬಿಣ ಹೇರಿದವರು ಯಾರು?"



ಆ ಹೊತ್ತಿಗೆ ಊರೆಲ್ಲ ಬೇರೆಯೇ ಕಥೆ ಹಬ್ಬಿತ್ತು. ಟೈಪ್‌ರೈಟರ್ ಮುದುಕಿಯನ್ನು ಉಳಿಸಿತಂತೆ! ಯಾರೋ ತೆಗೆದ ವಿಡಿಯೋ ಕೂಡ್ಲಿಗಿ, ಹಡಗಲಿ ಎಲ್ಲ ಕಡೆ ಮೊಬೈಲಿನಲ್ಲಿ ಓಡಾಡಿತು. ಕೋರ್ಟಿನಲ್ಲಿ ವಕೀಲರು ಬಂದು ಅವನ ಕೈ ಕುಲುಕಿದರು. ಅವನು ಪ್ರತಿ ಸಲವೂ ಹೊಡೆಸಿಕೊಂಡವನಂತೆ ಮುಖ ಹಿಂಡುತ್ತಿದ್ದ. "ಉಳಿಸಿದ್ದು ಯಾವ್ದು ಅಂತ ಎಲ್ಲಾರೂ ಹೇಳ್ತಾರ. ಬೀಳಿಸಿದ್ದು ಯಾವ್ದು ಅಂತ ಒಬ್ಬರೂ ಬಾಯಿ ಬಿಡವಲ್ರು" ಎಂದು ಒಮ್ಮೆ ನನ್ನ ಹತ್ತಿರ ಸಿಟ್ಟಿನಿಂದ ಹೇಳಿದ. ಮನೆಯಲ್ಲಿ ಸುಮಂಗಲಾ ಸಹ ಆ ಮಾತು ಎತ್ತಲಿಲ್ಲ. ನಾ ಹೇಳಿರಲಿಲ್ಲವೇ ಎಂದು ಅವಳು ಒಮ್ಮೆ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವಳು ಬೈಯಲಿಲ್ಲ. ಅವನು ಅನ್ನದ ತಟ್ಟೆಯ ಮುಂದೆ ಕೈ ಮಡಚಿಕೊಂಡು ಕೂರುತ್ತಿದ್ದ. ಎಲ್ಲೋ ಪಾತ್ರೆ ಬಿದ್ದರೆ ದಡಕ್ಕನೆ ಎದ್ದು ನಿಲ್ಲುತ್ತಿದ್ದ.

ಪಕ್ಕೀರಮ್ಮನನ್ನು ಕರೆತಂದು ಬಾಡಿಗೆ ಮನೆಯಲ್ಲಿ ಮಲಗಿಸಿದ ಮೇಲೆ ಅವನು ಗುಜರಿಯ ಅಂಜಿನೇಯಲುವನ್ನು ಕರೆಸಿದ. ಒಂದನ್ನೂ ಬಿಡದೆ ಎತ್ತಿಕೊಂಡು ಹೋಗು ಎಂದ. ಬಿದ್ದ ಮನೆಯಿಂದ ತಂದು ಅಂಗಳದಲ್ಲಿ ಇಟ್ಟಿದ್ದ ಯಂತ್ರಗಳನ್ನು ಅಂಜಿನೇಯಲು ಗಾಡಿಗೆ ಹಾಕುವಾಗ ಆ ಸದ್ದು ಒಳಗಿನ ಮುದುಕಿಗೆ ಕೇಳಿಸಿತು.

"ಭೀಮಾ, ಏನದು?"

"ಎಲ್ಲಾ ಕೊಟ್ಟುಬಿಡಾಕ ಹತ್ತೀನಿ, ಅವ್ವ."

"ಯಾಕ?"

ಅವನು ಬಾಗಿಲಿಗೆ ಬಂದು ನಿಂತ. ಆಮೇಲೆ ಅಂದ: "ನಿನ್ನ ತಲಿ ಮ್ಯಾಲೆ ಇಟ್ಟಿದ್ನಲ್ಲವ್ವ."

"ಇಟ್ಟಿದ್ದಿ, ಹೌದು. ಬುದ್ಧಿ ಇಲ್ಲದ ಕೆಲಸ ಮಾಡಿದಿ" ಎಂದಳು ಪಕ್ಕೀರಮ್ಮ. ಆ ಮಾತನ್ನು ಮೊದಲು ಹೇಳಿದವಳು ಅವಳೇ. "ನಾ ಸತ್ತಿದ್ರ ನಿನ್ನ ಏನ್ ಮಾಡ್ತಿದ್ದೆ ನೋಡು. ಸಾಯಲಿಲ್ಲ. ಮುರಿದಿದ್ದು ಒಯ್ಯಲಿ. ಚಲೋ ಇದ್ದದ್ದು ಇಟ್ಟಕ. ಆದ್ರ ಇನ್ನ ಮುಂದ ಒಂದೂ ನನ್ನ ಮಳಕಾಲಿಗಿಂತ ಎತ್ತರಕ ಇಡಬ್ಯಾಡ."

ಸುಮಂಗಲಾ ಅಡುಗೆಮನೆಯಿಂದ ಬಂದು, "ಅತ್ತಿ ಮಳಕಾಲಿಗಲ್ಲ, ನೆಲಕ್ಕ ಇಡ್ರಿ" ಎಂದಳು. ಆಗ ಅವನು ಗೋಡೆಗೆ ಮುಖ ಮಾಡಿ ಅತ್ತ.

ಅರ್ಧಕ್ಕಿಂತ ಹೆಚ್ಚು ಗುಜರಿಗೆ ಹೋದವು. ಉಳಿದವುಗಳಲ್ಲಿ ಕೆಲವನ್ನು ಎಲ್ಲಿಂದ ತಂದಿದ್ದನೋ ಅಲ್ಲಿಗೇ ಸುಸ್ಥಿತಿಯಲ್ಲಿ ಒಯ್ದು ಕೊಟ್ಟ. ಹಡಗಲಿಯ ಹೆಣ್ಣುಮಗಳು ತನ್ನ ಗಂಡನ ಗೋದ್ರೆಜ್ ಮತ್ತೆ ಹೊಡೆಯುವುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳಂತೆ. ಹಳೆಯ ಮನೆ ಕೆಡವಿ ಸಣ್ಣದೊಂದು ಆರ್‌ಸಿಸಿ ಮನೆ ಕಟ್ಟಿಸಿದ. ಅದರಲ್ಲಿ ಅಟ್ಟವಿಲ್ಲ, ಗೋಡೆಗೆ ಒಂದು ಕಪಾಟೂ ಇಲ್ಲ. ಪಾತ್ರೆ ಎಲ್ಲಿಡುವುದೆಂದು ಸುಮಂಗಲಾ ಜಗಳವಾಡಿ ಅಡುಗೆಮನೆಗೆ ಮಾತ್ರ ಒಂದು ಹಲಗೆ ಹಾಕಿಸಿಕೊಂಡಳು. ಅದರ ಮೇಲೆ ಸ್ಟೀಲ್ ಡಬ್ಬಿ ಇಟ್ಟಾಗಲೆಲ್ಲ ಅವನು ಇವತ್ತಿಗೂ ಕೆಳಗಿನಿಂದ ಕೈ ಕೊಟ್ಟು ಅಲ್ಲಾಡಿಸಿ ನೋಡುತ್ತಾನೆ.

ಪಕ್ಕೀರಮ್ಮ ವಾಕರ್ ಹಿಡಿದು ಓಡಾಡುತ್ತಾಳೆ. ಒಂದು ಕಾಲು ಗಿಡ್ಡವಾಗಿದೆ. ಹೋದ ತಿಂಗಳು ನಾನು ಅವರ ಮನೆಯಲ್ಲಿದ್ದಾಗ ಉಚ್ಚಂಗಿದುರ್ಗದಿಂದ ಒಂದು ಫೋನು ಬಂತು. ಹಳೆಯ ಕಾಲದ ಯಂತ್ರವೊಂದು ಇದೆ, ಬೇಕಾದರೆ ಒಯ್ಯಿರಿ ಎಂದು. ಭೀಮರಾಜ ಫೋನನ್ನು ಎದೆಗೆ ಒತ್ತಿಕೊಂಡು ತಾಯಿಯ ಕಡೆ ನೋಡಿದ.

"ಎಷ್ಟು ಭಾರ ಐತಂತ?" ಎಂದಳು ಅವಳು.

"ಸಣ್ಣದಂತವ್ವ. ಪೆಟ್ಟಿಗ್ಯಾಗ ಹಾಕ್ಕೆಂಡು ಒಯ್ಯುವಂಥಾದ್ದು."

"ತಗೊಂಬಾ. ಹೊರಗ ಕಟ್ಟಿ ಮ್ಯಾಲೆ ಇಡು. ಹುಳಾ ಹುಪ್ಪಡಿ ನೋಡಿ ಒಳಗ ತಗೊಂಡ್ರಾತು" ಎಂದು ಅವಳು ಎಲೆಗೆ ಸುಣ್ಣ ಸವರತೊಡಗಿದಳು. ಅವನು ಫೋನನ್ನು ಮತ್ತೆ ಕಿವಿಗಿಟ್ಟು, ಬರುವ ಭಾನುವಾರ ಬರುತ್ತೇನೆ, ಒಬ್ಬನೇ ಬರುತ್ತೇನೆ, ಬಸ್ಸಿನಲ್ಲಿ ಬರುತ್ತೇನೆ ಎಂದು ಹೇಳಿದ.